ಲೆಕ್ಕಕ್ಕುಂಟು, ಆಟಕ್ಕಿಲ್ಲ

ಈ ವರ್ಷವೂ ನಮ್ಮ ಹೈಸ್ಕೂಲಿನ ಫುಟ್‌ಬಾಲ್ ತಂಡ ಡಿಸ್ಟ್ರಿಕ್ಟ್ ಪ್ರಶಸ್ತಿ ಗೆದ್ದು, ಪ್ಲೇಆಫ್‌ನ ಮೂರನೇ ಸುತ್ತಿನವರೆಗೂ ಹೋಯಿತು. ಡಾಲಸ್‌ನ ಉತ್ತರಕ್ಕಿರುವ ನಮ್ಮ ಉಪನಗರದಲ್ಲಿ, ಆಟಗಾರರ ಹೆಸರು ಮತ್ತು ಜೆರ್ಸಿ ಸಂಖ್ಯೆ ಬರೆದು ಮನೆಗಳ ಮುಂದೆ ನೆಟ್ಟ ಫಲಕಗಳನ್ನು ಇನ್ನೂ ಯಾರೂ ಕಿತ್ತಿಲ್ಲ. ಸಿಕ್ಕವರೆಲ್ಲ ಕೇಳುವುದು ಒಂದನ್ನೇ: ತಂಡದ ಆಕ್ರಮಣ ನಡೆಸುವ ಈಗಿನ ಕ್ವಾರ್ಟರ್‌ಬ್ಯಾಕ್ ಹನ್ನೆರಡನೇ ತರಗತಿ ಮುಗಿಸಿ ಹೊರಡುತ್ತಾನಲ್ಲ, ಮುಂದೆ ಯಾರು? ಅದಕ್ಕೆ ಉತ್ತರ ಆಗಸ್ಟ್ ಹೊತ್ತಿಗೆ ಸಿಕ್ಕೇ ಸಿಗುತ್ತದೆ. ಒಬ್ಬ ಹೋದರೆ ಇನ್ನೊಬ್ಬ ತಯಾರಾಗುತ್ತಾನೆ. ನನಗೆ ಚಿಂತೆ ಹತ್ತಿರುವುದು ಬೇರೆಯದಕ್ಕೆ. ಈ ವರ್ಷ ನಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿಯ ಬಿ ತಂಡವೇ ಇರಲಿಲ್ಲ.

ಅಮೆರಿಕನ್ ಫುಟ್‌ಬಾಲ್‌ನ ಪರಿಚಯವಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ಟೆಕ್ಸಸ್‌ನ ದೊಡ್ಡ ಹೈಸ್ಕೂಲುಗಳಲ್ಲಿ ಶುಕ್ರವಾರ ರಾತ್ರಿ ದೀಪದ ಬೆಳಕಿನಲ್ಲಿ ಆಡುವುದು ವಾರ್ಸಿಟಿ ತಂಡ. ಪತ್ರಿಕೆಯಲ್ಲಿ ಬರುವುದು, ಬ್ಯಾಂಡ್ ಬಾರಿಸುವುದು, ಊರು ಸೇರುವುದು ಎಲ್ಲವೂ ಅದಕ್ಕೇ. ಅದರ ಕೆಳಗೆ ಜೂನಿಯರ್ ವಾರ್ಸಿಟಿ, ಅದರ ಕೆಳಗೆ ಒಂಬತ್ತನೇ ತರಗತಿಯ ಎ ತಂಡ, ಕೊನೆಯಲ್ಲಿ ಬಿ ತಂಡ. ಇವರ ಪಂದ್ಯಗಳು ಸಾಮಾನ್ಯವಾಗಿ ಗುರುವಾರ ಸಂಜೆ. ನೋಡಲು ಬರುವವರು ಅಪ್ಪ ಅಮ್ಮ, ಅಜ್ಜ ಅಜ್ಜಿ, ಇಲ್ಲವೇ ತಮ್ಮ ತಂಗಿಯರು. ಬಿ ತಂಡದಲ್ಲಿರುವವರು ಇನ್ನೂ ಮೈ ತುಂಬದ ಹುಡುಗರು. ಹೆಲ್ಮೆಟ್ ಅವರ ತಲೆಗಿಂತ ದೊಡ್ಡದಾಗಿ ಕಾಣುತ್ತದೆ, ಓಡುವಾಗ ಭುಜದ ಪ್ಯಾಡ್ ಕುಣಿಯುತ್ತದೆ. ಆದರೆ ಹದಿನಾಲ್ಕನೇ ವಯಸ್ಸಿನಲ್ಲಿ ಯಾವ ಹುಡುಗ ಹೇಗೆ ಬೆಳೆಯುತ್ತಾನೆಂದು ಯಾರೂ ಹೇಳಲಾರರು. ಈ ವರ್ಷ ವಾರ್ಸಿಟಿಯ ಮುಂಚೂಣಿ ಸಾಲಿನಲ್ಲಿ ಎಡಗಡೆಯ ಟ್ಯಾಕಲ್ ಆಗಿ ಆಡಿದ ಹುಡುಗ ಒಂಬತ್ತನೇ ತರಗತಿಯಲ್ಲಿ ಬಿ ತಂಡದಲ್ಲಿ ಬದಲಿ ಆಟಗಾರನಾಗಿದ್ದ. ನನ್ನ ಮಗನೂ ಅಲ್ಲಿಂದಲೇ ಬಂದವನು, ಈಗ ಜೂನಿಯರ್ ವಾರ್ಸಿಟಿಯಲ್ಲಿ ಅದೇ ಸಾಲಿನ ಗಾರ್ಡ್. ಗದ್ದೆಯ ಪೈರನ್ನು ನೋಡಿ ಹೊಗಳುವವರು ಬಹಳ, ಸಸಿಮಡಿಯ ಕಡೆ ತಿರುಗಿ ನೋಡುವವರು ಕಡಿಮೆ.

ಗುರುವಾರ ಸಂಜೆ ತಂಡದ ಬೆಂಬಲಕ್ಕಿರುವ ಪೋಷಕರ ಬೂಸ್ಟರ್ ಕ್ಲಬ್ಬಿನ ತಿಂಡಿ ಅಂಗಡಿಯಲ್ಲಿ ನಿಲ್ಲುವ ನನಗೆ ಆ ಮಡಿ ಬರಿದಾಗುವುದು ಕಣ್ಣಿಗೆ ಕಾಣುತ್ತದೆ. ಮೊದಲು ಬಿ ತಂಡದ ಪಂದ್ಯ ಮುಗಿದ ಕೂಡಲೇ ಕೌಂಟರಿನ ಮುಂದೆ ನೂಕುನುಗ್ಗಲು. ಬೆವರು, ಹುಲ್ಲು, ಮಣ್ಣು ಮೆತ್ತಿಕೊಂಡ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಹಾಟ್‌ಡಾಗ್ ಕೇಳುತ್ತಿದ್ದರು. ಈಗ ಎ ತಂಡದ ಹುಡುಗರೇ ಆಕ್ರಮಣಕ್ಕೂ ರಕ್ಷಣೆಗೂ ನಿಲ್ಲುತ್ತಾರೆ. ಮುಂಚೂಣಿ ಸಾಲಿನಲ್ಲಿ ಲೈನ್‌ಮನ್ ಆಗಿ ಆಡುವ ಹುಡುಗ ಒಂದು ಸರದಿ ಮುಗಿಸಿ ನೀರು ಕುಡಿಯುವಷ್ಟರಲ್ಲಿ ಮತ್ತೆ ಒಳಗೆ ಹೋಗಬೇಕು. ನಾಲ್ಕನೇ ಕ್ವಾರ್ಟರ್‌ನಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತ ಆ ಮಕ್ಕಳನ್ನು ನೋಡಿದರೆ ಅಂಕಫಲಕ ನೋಡುವ ಅಗತ್ಯವೇ ಇರುವುದಿಲ್ಲ. ದಣಿದ ಮಗುವಿಗೆ ಏಟೂ ಹೆಚ್ಚು.

ಗೆಲ್ಲುವ ಶಾಲೆ ಹೀಗೆ ಸೊರಗುವುದು ಈ ಭಾಗದಲ್ಲಿ ಹೊಸದೇನಲ್ಲ. ಪಕ್ಕದ ಪ್ಲೇನೋವನ್ನೇ ನೋಡಿ. ಪ್ಲೇನೋ ಸೀನಿಯರ್ ಹೈಸ್ಕೂಲ್ 1965ರಿಂದ 1994ರವರೆಗೆ ಏಳು ಬಾರಿ ರಾಜ್ಯ ಪ್ರಶಸ್ತಿ ಗೆದ್ದಿದೆ. ಆಮೇಲೆ ಒಂದೂ ಇಲ್ಲ. ಊರು ಬೆಳೆದಂತೆ 1981ರಲ್ಲಿ ಪ್ಲೇನೋ ಈಸ್ಟ್, 1999ರಲ್ಲಿ ಪ್ಲೇನೋ ವೆಸ್ಟ್ ಶುರುವಾಗಿ ಹುಡುಗರು ಮೂರು ಕಡೆ ಹಂಚಿಹೋದರು. ನಂತರ ಊರಿಗೇ ವಯಸ್ಸಾಯಿತು. ಮಕ್ಕಳು ದೊಡ್ಡವರಾಗಿ ಹೊರಟುಹೋದ ಮನೆಗಳಲ್ಲಿ ಅಪ್ಪ ಅಮ್ಮ ಮಾತ್ರ ಉಳಿದರು, ಹೊಸ ದಂಪತಿಗಳಿಗೆ ಆ ಮನೆಗಳ ಬೆಲೆ ಎಟುಕಲಿಲ್ಲ. 2024ರ ಜೂನ್‌ನಲ್ಲಿ ಪ್ಲೇನೋ ಶಾಲಾ ಮಂಡಳಿ ನಾಲ್ಕು ಶಾಲೆಗಳನ್ನು ಮುಚ್ಚಲು ತೀರ್ಮಾನಿಸಿತು. ಅದರಾಚೆಯ ಆ್ಯಲನ್ ಇನ್ನೊಂದು ದಾರಿ ಹಿಡಿಯಿತು. ಊರಿಗೆಲ್ಲ ಒಂದೇ ಹೈಸ್ಕೂಲ್, 2012ರಲ್ಲಿ 6 ಕೋಟಿ ಡಾಲರ್ ಸುರಿದು ಕಟ್ಟಿದ 18,000 ಆಸನಗಳ ಕ್ರೀಡಾಂಗಣ, 2012ರಿಂದ 2014ರವರೆಗೆ ಸತತ ಮೂರು ರಾಜ್ಯ ಪ್ರಶಸ್ತಿ, 2017ರಲ್ಲಿ ಮತ್ತೊಂದು. ಆದರೂ 2023ರಲ್ಲಿ ಆ್ಯಲನ್ ಕೂಡ ಎರಡು ಪ್ರಾಥಮಿಕ ಶಾಲೆಗಳ ಬಾಗಿಲು ಹಾಕಿತು. ಆ ಪ್ರಾಥಮಿಕ ಶಾಲೆಗಳಲ್ಲಿ ಈಗ ಇಲ್ಲದ ಮಕ್ಕಳೇ ಹತ್ತು ವರ್ಷದ ನಂತರ ವಾರ್ಸಿಟಿಯಲ್ಲಿ ಇಲ್ಲದ ಆಟಗಾರರು.

ಇನ್ನೊಂದು ನೆರೆಯೂರು ಫ್ರಿಸ್ಕೋ ಮಾಡಿದ್ದು ಇದಕ್ಕೆ ತದ್ವಿರುದ್ಧ. ದೊಡ್ಡ ಶಾಲೆ ಬೇಡವೆಂದು ಹನ್ನೆರಡು ಹೈಸ್ಕೂಲ್ ಕಟ್ಟಿಕೊಂಡಿತು. ಫುಟ್‌ಬಾಲ್ ಹುಚ್ಚಿನವರು ಅದನ್ನು ತಪ್ಪೆನ್ನುತ್ತಾರೆ, ಒಂದೆರಡು ಶಾಲೆಯಲ್ಲಿ ಎಲ್ಲರನ್ನೂ ಸೇರಿಸಿದ್ದರೆ ಎಂಥ ತಂಡ ಆಗುತ್ತಿತ್ತು ಎಂದು ಲೆಕ್ಕ ಹಾಕುತ್ತಾರೆ. ನನಗೆ ಫ್ರಿಸ್ಕೋದ ನಿರ್ಧಾರವೇ ಸರಿ ಎನಿಸುತ್ತದೆ. ಹನ್ನೆರಡು ಶಾಲೆ ಎಂದರೆ ಹನ್ನೆರಡು ತಂಡ. ಜೆರ್ಸಿ ತೊಡುವ ಮಕ್ಕಳು ಅಷ್ಟು ಪಾಲು ಹೆಚ್ಚು.

ನಮ್ಮ ಶಾಲೆಯ ಸಂಕಟ ಇವೆರಡಕ್ಕಿಂತ ಬೇರೆ. ನಮ್ಮಲ್ಲಿ ಮಕ್ಕಳ ಸಂಖ್ಯೆ ಕುಸಿದಿಲ್ಲ. ಹಳಬರು ಮನೆ ಮಾರಿ ಇನ್ನೂ ಉತ್ತರಕ್ಕೆ ಹೋದರು, ಆ ಮನೆಗಳಿಗೆ ನಾವು ಬಂದೆವು. ನಾವು ಎಂದರೆ ಕನ್ನಡಿಗರು, ತೆಲುಗರು, ತಮಿಳರು, ಗುಜರಾತಿಗಳು. ಟೆಕ್ಸಸ್‌ನಲ್ಲಿ ಶಾಲಾ ಕ್ರೀಡೆಗಳನ್ನು ನಡೆಸುವ ಯುಐಎಲ್ ಎರಡು ವರ್ಷಕ್ಕೊಮ್ಮೆ ವಿದ್ಯಾರ್ಥಿಗಳ ಸಂಖ್ಯೆ ನೋಡಿ ಶಾಲೆಗಳನ್ನು ವಿಂಗಡಿಸುತ್ತದೆ. 2024ರ ವಿಂಗಡಣೆಯಲ್ಲಿ 2,275 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿದ್ದ ಶಾಲೆಗಳು ಅತಿ ದೊಡ್ಡ ವರ್ಗವಾದ 6ಎಗೆ ಸೇರಿದವು. ಆ ಎಣಿಕೆಯಲ್ಲಿ ಫುಟ್‌ಬಾಲ್ ಆಡುವವರು, ಆಡದವರು ಎಂಬ ಭೇದವಿಲ್ಲ. ನಮ್ಮ ಮಕ್ಕಳೆಲ್ಲ ಎಣಿಕೆಯಲ್ಲಿ ಬರುತ್ತಾರೆ, ಅವರಿಂದಾಗಿಯೇ ಶಾಲೆ 6ಎಯಲ್ಲಿ ಉಳಿದು ರಾಜ್ಯದ ಅತಿ ಬಲಿಷ್ಠ ತಂಡಗಳ ಎದುರು ನಿಲ್ಲುತ್ತದೆ. ಮೈದಾನಕ್ಕೆ ಇಳಿಯುವ ಹೊತ್ತಿಗೆ ಮಾತ್ರ ಅವರು ಇರುವುದಿಲ್ಲ. ಲೆಕ್ಕಕ್ಕುಂಟು, ಆಟಕ್ಕಿಲ್ಲ. ಇದೇ ನಮ್ಮ ಕಾರ್ಯಕ್ರಮದ ಭವಿಷ್ಯದ ನಿಜವಾದ ಪ್ರಶ್ನೆ. ಇದಕ್ಕೆ ಉತ್ತರ ಕೋಚ್ ಬಳಿಯಿಲ್ಲ, ನಮ್ಮ ಮನೆಗಳಲ್ಲಿದೆ.

ಕನ್ನಡ ಸಂಘದ ಕಾರ್ಯಕ್ರಮವೊಂದರಲ್ಲಿ ಪರಿಚಯದ ತಾಯಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಅವರ ಮಗ ಎಂಟನೇ ತರಗತಿ, ಒಳ್ಳೆಯ ಮೈಕಟ್ಟು, ಆಡಬೇಕೆಂದು ಹಟ ಹಿಡಿದಿದ್ದಾನೆ. "ಅಕ್ಕಾ, ನೀವು ಹೇಗೆ ಒಪ್ಪಿದಿರಿ? ತಲೆಗೆ ಪೆಟ್ಟು ಬಿದ್ದರೆ ಗತಿಯೇನು?" ಎಂದರು. ಹೆದರಬೇಡಿ ಎಂದು ನಾನು ಹೇಳಲಿಲ್ಲ, ಹೇಳುವುದೂ ಇಲ್ಲ. ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಆಡಿ ತೀರಿಕೊಂಡ 111 ಆಟಗಾರರ ಪೈಕಿ 110 ಮಂದಿಯ ಮೆದುಳಿನಲ್ಲಿ, ತಲೆಗೆ ಪದೇ ಪದೇ ಪೆಟ್ಟು ಬಿದ್ದು ಬರುವ ಸಿಟಿಇ ಎಂಬ ಕಾಯಿಲೆಯ ಗುರುತು ಸಿಕ್ಕಿತ್ತು. ಹೈಸ್ಕೂಲಿನಲ್ಲಷ್ಟೇ ಆಡಿದ್ದ 14 ಮಂದಿಯಲ್ಲಿ ಮೂವರಲ್ಲಿ ಇತ್ತು. ಲಕ್ಷಣ ಕಂಡು ಅನುಮಾನಗೊಂಡ ಕುಟುಂಬಗಳು ಮೆದುಳು ದಾನ ಮಾಡುವುದು ಹೆಚ್ಚು, ಆದ್ದರಿಂದ ಆಡಿದವರಿಗೆಲ್ಲ ಇದೇ ಪ್ರಮಾಣ ಎಂದು ತಿಳಿಯಬಾರದು. ಆದರೂ ಆ ಮೂರು ಎಂಬ ಅಂಕಿಯನ್ನು ಯಾವ ತಾಯಿಯೂ ದಾಟಿ ಹೋಗಲಾರಳು. ನಾನೂ ದಾಟಿಲ್ಲ. ನನ್ನ ಮಗನ ಪ್ರತಿ ಪಂದ್ಯದಲ್ಲೂ ಅದು ನನ್ನ ಪಕ್ಕದಲ್ಲಿ ಕುಳಿತಿರುತ್ತದೆ.

ಅವರಿಗೆ ನಾನು ಹೇಳಿದ್ದು ಕಣ್ಣಾರೆ ಕಂಡದ್ದನ್ನು. ಅಕ್ಟೋಬರ್‌ನ ಒಂದು ಪಂದ್ಯದಲ್ಲಿ ನಮ್ಮ ಹುಡುಗನೊಬ್ಬ ಎದುರಾಳಿಯನ್ನು ಕೆಡವಿ ಎದ್ದ, ಎರಡು ಹೆಜ್ಜೆ ಓಲಾಡಿದ. ಗಾಯಗಳನ್ನು ನೋಡಿಕೊಳ್ಳುವ ಅಥ್ಲೆಟಿಕ್ ಟ್ರೇನರ್ ಅವನನ್ನು ಬೆಂಚಿಗೆ ಕರೆತಂದು ಮೊದಲು ಮಾಡಿದ ಕೆಲಸವೆಂದರೆ ಅವನ ಹೆಲ್ಮೆಟ್ ಕಿತ್ತುಕೊಂಡು ತಮ್ಮ ಬಳಿ ಇಟ್ಟುಕೊಂಡದ್ದು. ಹೆಲ್ಮೆಟ್ ಕೈಯಲ್ಲಿದ್ದರೆ ಹುಡುಗರು ಕಣ್ಣು ತಪ್ಪಿಸಿ ಮತ್ತೆ ಒಳಗೆ ಓಡುತ್ತಾರೆ. ಸೋಲುತ್ತಿದ್ದ ಪಂದ್ಯ, ಅವನು ರಕ್ಷಣೆಯಲ್ಲಿ ನಮ್ಮ ಅತ್ಯುತ್ತಮ ಲೈನ್‌ಬ್ಯಾಕರ್. ಅಳುತ್ತ ಬೇಡಿಕೊಂಡ. ಟ್ರೇನರ್ ಅವನ ಕಣ್ಣಲ್ಲಿ ಕಣ್ಣಿಟ್ಟು ತಿಂಗಳುಗಳ ಹೆಸರನ್ನು ಹಿಂದಿನಿಂದ ಹೇಳಿಸಿದರು. ಡಿಸೆಂಬರ್, ನವೆಂಬರ್ ಎಂದವನು ಮುಂದೆ ತಡವರಿಸಿದ. ಹೆಲ್ಮೆಟ್ ಟ್ರೇನರ್ ಕೈಯಲ್ಲೇ ಉಳಿಯಿತು. ಕೋಚ್ ಒಂದು ಮಾತೂ ಆಡಲಿಲ್ಲ, ಆಡುವ ಅಧಿಕಾರವೂ ಇಲ್ಲ. 2011ರ ಟೆಕ್ಸಸ್ ಕಾನೂನಿನ ಪ್ರಕಾರ ಕನ್‌ಕಷನ್, ಅಂದರೆ ಪೆಟ್ಟಿನಿಂದ ಮೆದುಳಿಗೆ ಆಘಾತ, ಎಂದು ಅನುಮಾನ ಬಂದರೆ ಸಾಕು, ಹುಡುಗ ಆ ದಿನ ಮತ್ತೆ ಆಡುವಂತಿಲ್ಲ, ವೈದ್ಯರ ಲಿಖಿತ ಒಪ್ಪಿಗೆಯಿಲ್ಲದೆ ಮರಳುವಂತಿಲ್ಲ, ಮರಳಬಹುದೇ ಎಂದು ತೀರ್ಮಾನಿಸುವ ಹಕ್ಕು ಕೋಚ್‌ಗೆ ಇಲ್ಲ. 2013ರಲ್ಲಿ ಯುಐಎಲ್ ಋತುವಿನ ಅಭ್ಯಾಸದಲ್ಲಿ ಪೂರ್ಣ ಪ್ರಮಾಣದ ಡಿಕ್ಕಿಗೆ ಒಬ್ಬ ಹುಡುಗನಿಗೆ ವಾರಕ್ಕೆ 90 ನಿಮಿಷದ ಮಿತಿ ಹಾಕಿತು.

ಓದು ಹಾಳಾಗುತ್ತದೆ ಎಂಬ ಭಯ ನಮ್ಮವರಲ್ಲಿ ಇದಕ್ಕಿಂತಲೂ ದೊಡ್ಡದು. ಅದಕ್ಕೆ ಹೆಚ್ಚು ಮಾತು ಬೇಡ. 1984ರಿಂದ ಟೆಕ್ಸಸ್‌ನಲ್ಲಿ ಪಾಸಾಗದವರಿಗೆ ಆಟವಿಲ್ಲ ಎಂಬ ಕಾನೂನಿದೆ. ಸಾಮಾನ್ಯವಾಗಿ ಒಂದು ವಿಷಯದಲ್ಲಿ 70ಕ್ಕಿಂತ ಕಡಿಮೆ ಬಂದರೂ ಕನಿಷ್ಠ ಮೂರು ವಾರ ಹೊರಗೆ. ಅಂಕಪಟ್ಟಿ ಬರುವ ವಾರ ನಮ್ಮ ಕೋಚುಗಳು ಗಣಿತದ ಮೇಷ್ಟರ ಕೋಣೆಯ ಮುಂದೆಯೇ ಓಡಾಡುತ್ತಿರುತ್ತಾರೆ. ಗುರುವಾರ ಪಂದ್ಯ ಮುಗಿಸಿ ಬಸ್ಸಿನಲ್ಲೇ ರಸಾಯನಶಾಸ್ತ್ರ ಓದುವ ಹುಡುಗರನ್ನು ನಾನು ನೋಡಿದ್ದೇನೆ.

ಇನ್ನೊಂದು ಕಡೆಯಿಂದ ವಿದ್ಯಾರ್ಥಿವೇತನದ ಆಸೆ ಹೊತ್ತು ಬರುವವರೂ ಇದ್ದಾರೆ. ಅವರಿಗೂ ನೇರವಾಗಿ ಹೇಳಬೇಕು. ಹೈಸ್ಕೂಲಿನಲ್ಲಿ ಫುಟ್‌ಬಾಲ್ ಆಡುವ ನೂರು ಮಕ್ಕಳಲ್ಲಿ, ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎಯ ಕಾಲೇಜು ತಂಡಗಳನ್ನು ಸೇರುವವರು ಸುಮಾರು ಏಳು ಮಂದಿ. ಅವರಲ್ಲೂ ವಿದ್ಯಾರ್ಥಿವೇತನ ಇಲ್ಲದೆ ಆಡುವವರಿದ್ದಾರೆ. ಇತ್ತೀಚೆಗಂತೂ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹಾರುವುದು ಸುಲಭವಾಗಿ, ಹದಿನೆಂಟರ ಹೊಸ ಹುಡುಗನ ಬದಲು ಇಪ್ಪತ್ತೆರಡರ ಪಳಗಿದ ಆಟಗಾರನನ್ನು ತರುವುದು ಕಾಲೇಜು ಕೋಚುಗಳಿಗೆ ಲಾಭವಾಗಿದೆ. 2025ರಲ್ಲಿ ಒಂದನೇ ವಿಭಾಗದ ದೊಡ್ಡ ಕಾಲೇಜುಗಳ ತಂಡದ ಗಾತ್ರಕ್ಕೆ 105ರ ಮಿತಿಯೂ ಬಂದಿದೆ. ಕಾಲೇಜಿಗಾಗಿ ಈ ಆಟ ಆಡಿಸಬೇಡಿ.

ಹಾಗಾದರೆ ಏತಕ್ಕೆ? ನನ್ನ ಮಗ ಮನೆಗೆ ಒಬ್ಬನೇ, ಮಾತು ಕಡಿಮೆ. ಮಧ್ಯಮ ಶಾಲೆಯಲ್ಲಿ ಊಟದ ಹೊತ್ತಿಗೆ ಗ್ರಂಥಾಲಯದಲ್ಲಿ ಕೂರುತ್ತಿದ್ದ. ಗಾರ್ಡ್ ಎಂಬ ಸ್ಥಾನದಲ್ಲಿ ಆಡುವವನು ಸಾಮಾನ್ಯವಾಗಿ ಚೆಂಡು ಮುಟ್ಟುವುದೇ ಇಲ್ಲ, ಅವನ ಹೆಸರನ್ನು ಧ್ವನಿವರ್ಧಕದಲ್ಲಿ ಕರೆಯುವುದು ಅವನು ತಪ್ಪು ಮಾಡಿದಾಗ. ಅವನ ಕೆಲಸವೆಲ್ಲ ಪಕ್ಕದ ಸೆಂಟರ್ ಮತ್ತು ಟ್ಯಾಕಲ್ ಜೊತೆ ಒಟ್ಟಿಗೆ ಹೆಜ್ಜೆ ಹಾಕುವುದು. ಐವರಲ್ಲಿ ಒಬ್ಬ ಅರ್ಧ ಹೆಜ್ಜೆ ತಡ ಮಾಡಿದರೆ ಹಿಂದಿರುವ ಕ್ವಾರ್ಟರ್‌ಬ್ಯಾಕ್ ನೆಲಕ್ಕೆ ಬೀಳುತ್ತಾನೆ. ಹೀಗೆ ಹೆಜ್ಜೆ ಕೂಡಿಸುತ್ತ ಅವನಿಗೆ ನಾಲ್ವರು ಗೆಳೆಯರು ಸಿಕ್ಕರು. ಶನಿವಾರ ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಐದು ಭಾರಿ ಹುಡುಗರು ದೋಸೆ ತಿನ್ನುತ್ತ, ಹಿಂದಿನ ಪಂದ್ಯದ ವಿಡಿಯೋ ನೋಡುತ್ತ, ಯಾರ ಕಾಲು ಎಲ್ಲಿ ತಪ್ಪಿತೆಂದು ಜಗಳವಾಡುತ್ತಾರೆ. ಅವರಲ್ಲಿ ಮೂವರು ಬಿ ತಂಡದ ಕಾಲದಿಂದ ಒಟ್ಟಿಗಿರುವವರು.

ದೇಶದ ಅಂಕಿಗಳನ್ನು ನೋಡಿದರೆ ಫುಟ್‌ಬಾಲ್ ಮುಳುಗುತ್ತಿದೆ ಎನ್ನುವಂತಿಲ್ಲ. ಹೈಸ್ಕೂಲ್ ಆಟಗಾರರ ಸಂಖ್ಯೆ 2008ರ ಋತುವಿನಲ್ಲಿ 11 ಲಕ್ಷ ದಾಟಿತ್ತು, 2021ರಲ್ಲಿ 10 ಲಕ್ಷದ ಕೆಳಗಿಳಿಯಿತು, ಮರುವರ್ಷವೇ ಮತ್ತೆ 10 ಲಕ್ಷ ದಾಟಿತು. ಆದರೆ ದೇಶದ ಅಂಕಿಯಿಂದ ನಮ್ಮ ಬಿ ತಂಡ ತುಂಬುವುದಿಲ್ಲ. ಅದನ್ನು ತುಂಬಲು ನಮ್ಮ ಎರಡು ಮಧ್ಯಮ ಶಾಲೆಗಳಿಂದ ಇನ್ನೊಂದು ಇಪ್ಪತ್ತು ಹುಡುಗರು ಬಂದರೆ ಸಾಕು. ನಮ್ಮ ಬೀದಿಗಳಲ್ಲೇ ಅಷ್ಟು ಹುಡುಗರಿದ್ದಾರೆ, ಸಂಜೆ ಸೈಕಲ್ ಹೊಡೆಯುವುದನ್ನು ದಿನಾ ನೋಡುತ್ತೇನೆ. ಕೆಲವರಿಗೆ ಈ ಆಟ ಬೇಡ, ಅವರನ್ನು ಯಾರೂ ಒತ್ತಾಯಿಸಬಾರದು. ಆದರೆ ಆಸೆಯಿದ್ದೂ ಮನೆಯಲ್ಲಿ ಕೇಳಲು ಅಂಜುವವರಿದ್ದಾರೆ. ಅವರ ಪರವಾಗಿ ಕೇಳುತ್ತಿದ್ದೇನೆ.

ಎಂಟನೇ ತರಗತಿಯ ಪೋಷಕರ ಸಭೆ ಮುಂದಿನ ತಿಂಗಳು ಹೈಸ್ಕೂಲಿನ ಫೀಲ್ಡ್‌ಹೌಸ್‌ನಲ್ಲಿ ನಡೆಯುತ್ತದೆ. ಹೆಸರು ಕೊಡಲೇಬೇಕೆಂಬ ಕಟ್ಟುಪಾಡಿಲ್ಲ. ಅಥ್ಲೆಟಿಕ್ ಟ್ರೇನರ್ ಕೂಡ ಬರುತ್ತಾರೆ. ಮೊದಲು ಅವರ ಬಳಿ ಹೋಗಿ ಮನಸ್ಸಿನಲ್ಲಿರುವುದನ್ನೆಲ್ಲ ಕೇಳಿ, ಕೋಚ್ ಬಳಿ ಆಮೇಲೆ ಹೋದರಾಯಿತು. ಬಾಗಿಲ ಪಕ್ಕದ ಮೇಜಿನ ಹಿಂದೆ ನಾನಿರುತ್ತೇನೆ. ಕನ್ನಡದಲ್ಲೇ ಮಾತಾಡಬೇಕೆನಿಸಿದರೆ ಅಲ್ಲಿಗೆ ಬನ್ನಿ, ಮಗನನ್ನೂ ಕರೆತನ್ನಿ.