ಕಾಲೇಜು ಮುಖ್ಯವೋ, ಬ್ರ್ಯಾಂಚ್ ಮುಖ್ಯವೋ?

ಸಿಇಟಿ ಫಲಿತಾಂಶ ಬಂದ ದಿನದಿಂದ ಕೊನೆಯ ಸುತ್ತಿನ ಸೀಟು ಹಂಚಿಕೆ ಮುಗಿಯುವವರೆಗೂ ನನ್ನ ಫೋನಿಗೆ ಬಿಡುವಿಲ್ಲ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವಳಿಗೆ ಮಕ್ಕಳ ಜಾತಕ ಓದಲೂ ಬರುತ್ತದೆ ಎಂದು ನಮ್ಮ ಊರಿನವರು ನಂಬಿದ್ದಾರೆ. ಕೇಳುವುದು ಮಾತ್ರ ಎಲ್ಲರೂ ಒಂದೇ: “ಮೇಡಂ, ಒಳ್ಳೆಯ ಕಾಲೇಜಿನಲ್ಲಿ ಯಾವುದು ಸಿಗುತ್ತದೋ ಅದನ್ನು ತೆಗೆದುಕೊಳ್ಳುವುದೋ, ಸಾಧಾರಣ ಕಾಲೇಜಾದರೂ ಕಂಪ್ಯೂಟರ್ ಸೈನ್ಸೇ ಇರಲಿ ಎನ್ನುವುದೋ?”

ಒಳ್ಳೆಯ ಕಾಲೇಜನ್ನೇ ಹಿಡಿಯಿರಿ ಎನ್ನುತ್ತೇನೆ. ಆ ಬ್ರ್ಯಾಂಚಿನ ಪಾಠವೆಂದರೇ ಮಗುವಿಗೆ ಆಗದು ಎಂಬಂತಿದ್ದರೆ ಮಾತು ಬೇರೆ.

ಸಣ್ಣ ಕಾಲೇಜಿನ ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ಪಾಠ ಮಾಡುವವರು ಯಾರು ಎಂದು ಯಾರೂ ವಿಚಾರಿಸುವುದಿಲ್ಲ. ಹೆಚ್ಚು ಸಂಬಳದ ಕೆಲಸ ಸಿಕ್ಕಿದ ಕೂಡಲೇ ಹೊರಡುವ ತರುಣರೇ ಅಲ್ಲಿ ಹೆಚ್ಚು. ಸೆಮಿಸ್ಟರಿನ ನಡುವೆಯೇ ಅಧ್ಯಾಪಕರು ಬದಲಾದ ಕತೆಗಳನ್ನು ನನ್ನ ಹಳೆಯ ವಿದ್ಯಾರ್ಥಿಗಳು ಬಂದು ಹೇಳುತ್ತಾರೆ. ಇತ್ತ ಗಟ್ಟಿ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿದ ಹುಡುಗಿಗೆ ಪ್ರೋಗ್ರಾಮಿಂಗ್ ಕಲಿಯಲು ಯಾರೂ ಅಡ್ಡಿ ಮಾಡುವುದಿಲ್ಲ. ದೊಡ್ಡ ಸಂಖ್ಯೆಯಲ್ಲಿ ನೇಮಕ ಮಾಡಿಕೊಳ್ಳುವ ಹಲವು ಸಾಫ್ಟ್‌ವೇರ್ ಕಂಪನಿಗಳು ಬೇರೆ ಬ್ರ್ಯಾಂಚಿನವರಿಗೂ ಪರೀಕ್ಷೆ ಬರೆಯಲು ಬಿಡುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ಪಕ್ಕದಲ್ಲಿ ಕುಳಿತು ಓದುವವರು ಎಂಥವರು ಎಂಬುದು ನಾಲ್ಕು ವರ್ಷಗಳಲ್ಲಿ ಮಾಡುವ ವ್ಯತ್ಯಾಸವನ್ನು ಯಾವ ಕರಪತ್ರವೂ ಹೇಳುವುದಿಲ್ಲ.

ಹೆಸರುಗಳ ಗೊಂದಲವೂ ಇದೆ. ಕಂಪ್ಯೂಟರ್ ಸೈನ್ಸ್, ಇನ್ಫರ್ಮೇಶನ್ ಸೈನ್ಸ್, ಎಐ-ಎಂಎಲ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಎಂದು ಪಟ್ಟಿ ಬೆಳೆಯುತ್ತಲೇ ಇದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮ ತೆಗೆದು ನೋಡಿ. ಮೂರು, ನಾಲ್ಕನೆಯ ಸೆಮಿಸ್ಟರಿನಲ್ಲಿ ಇವುಗಳ ನಡುವೆ ಇರುವ ವ್ಯತ್ಯಾಸ ಬಹಳ ಕಡಿಮೆ: ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್ಸ್ ಎಲ್ಲರೂ ಓದಲೇಬೇಕು. ಹೀಗಿರುವಾಗ ಹೊಸ ಹೆಸರಿನ ಆಸೆಗೆ ಎರಡು ಮೆಟ್ಟಿಲು ಕೆಳಗಿನ ಕಾಲೇಜಿಗೆ ಹೋಗುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಹಾಗೆಯೇ ಮೆಕ್ಯಾನಿಕಲ್ ಬೇಡ ಎನ್ನುವವರು ಥರ್ಮೊಡೈನಮಿಕ್ಸ್ ಪುಟವನ್ನಾದರೂ ಒಮ್ಮೆ ತಿರುವಿ ಹಾಕಿ ಬೇಡ ಎನ್ನಲಿ. ಹತ್ತು ಹನ್ನೆರಡು ವರ್ಷಗಳ ಹಿಂದೆ ಇದೇ ಮೆಕ್ಯಾನಿಕಲ್ ಸೀಟಿಗಾಗಿ ಹೇಗೆ ಮುಗಿಬೀಳುತ್ತಿದ್ದರು ಎಂಬುದು ನನಗೆ ಚೆನ್ನಾಗಿ ನೆನಪಿದೆ. ಈಗ ಆ ಸೀಟುಗಳು ಖಾಲಿ ಉಳಿಯುತ್ತವೆ. ಗಾಳಿ ಬಂದಾಗ ತೂರಿಕೊಳ್ಳಬೇಕು, ನಿಜ. ಆದರೆ ಈಗ ಸೇರುವ ಮಗು ಕೆಲಸ ಹುಡುಕುವುದು ನಾಲ್ಕು ವರ್ಷಗಳ ನಂತರದ ಗಾಳಿಯಲ್ಲಿ.

ನಿಜವಾದ ನಷ್ಟವಾಗುವುದು ಆಯ್ಕೆ ಪಟ್ಟಿ ತುಂಬುವಾಗ. ಸೀಟು ಹಂಚುವ ಕ್ರಮ ತೀರಾ ಸರಳ. ನಿಮಗಿಂತ ಮೇಲಿನ ರ‍್ಯಾಂಕಿನವರ ಸರದಿ ಮುಗಿದು ನಿಮ್ಮದು ಬಂದಾಗ, ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡಿಕೊಂಡು ಬರಲಾಗುತ್ತದೆ. ನಿಮಗೆ ಅರ್ಹತೆಯಿರುವ ಸೀಟು ಮೊದಲು ಎಲ್ಲಿ ಖಾಲಿ ಕಾಣುತ್ತದೋ ಅದು ನಿಮ್ಮದು. ಎಂದರೆ, ಸಿಗಲಾರದ ಕಾಲೇಜನ್ನು ಮೇಲೆ ಬರೆದರೆ ನಿಮಗೇನೂ ನಷ್ಟವಿಲ್ಲ. ಮನಸ್ಸಿಲ್ಲದ್ದನ್ನು ಮೇಲೆ ಬರೆದರೆ ಮಾತ್ರ ಅದೇ ಕೊರಳಿಗೆ ಬೀಳುತ್ತದೆ.

ತೆಂಗಿನ ತೋಟದ ಯಜಮಾನರೊಬ್ಬರು ಮಗನ ಪಟ್ಟಿಯನ್ನು ನನಗೆ ತೋರಿಸಲು ತಂದಿದ್ದರು. ಹಿಂದಿನ ವರ್ಷದ ಕಟ್‌ಆಫ್ ಮಗನ ರ‍್ಯಾಂಕಿನ ಆಸುಪಾಸಿನಲ್ಲಿದ್ದ ಕಾಲೇಜುಗಳೇ ಮೇಲೆ, ನೋಟು ಪುಸ್ತಕದ ಹಾಳೆಯಲ್ಲಿ ಕೆಂಪು ಪೆನ್ನಿನಿಂದ ಒಂದು, ಎರಡು, ಮೂರು. ಹುಡುಗ ಸೇರಬೇಕೆಂದಿದ್ದ ಮೈಸೂರಿನ ಕಾಲೇಜು ಹದಿನಾಲ್ಕರಲ್ಲಿ. “ಅದೇಕಪ್ಪ ಅಷ್ಟು ಕೆಳಗೆ?” ಎಂದು ಹುಡುಗನನ್ನು ಕೇಳಿದರೆ ತಂದೆಯೇ ಉತ್ತರ ಕೊಟ್ಟರು: “ಅದು ಸಿಗುವುದಿಲ್ಲ ಮೇಡಂ. ಮೇಲೆ ಹಾಕಿದರೆ ಮೊದಲನೆಯ ಆಯ್ಕೆ ದಂಡವಾಗಿ ಹೋಗುತ್ತದೆ.” ದಂಡವಾಗುವುದಿಲ್ಲ ಎಂದು ನಂಬಿಸಲು ಒಂದು ಲೋಟ ಕಾಫಿ ಆರುವಷ್ಟು ಹೊತ್ತು ಬೇಕಾಯಿತು. ಪಟ್ಟಿಯನ್ನು ಹುಡುಗನ ಇಷ್ಟದ ಕ್ರಮಕ್ಕೆ ಬದಲಿಸಿದೆವು. ಮೈಸೂರಿನದು ಕೊನೆಗೂ ಸಿಗಲಿಲ್ಲ. ಹೊಸ ಪಟ್ಟಿಯಲ್ಲಿ ಅದರ ಕೆಳಗೇ ಇದ್ದದ್ದು ಸಿಕ್ಕಿತು. ಹಳೆಯ ಪಟ್ಟಿಯಲ್ಲಿ ಅದು ಹದಿನೈದನೆಯದು.

ಪಟ್ಟಿ ಉದ್ದವಾಗಿಯೇ ಇರಲಿ. ಹತ್ತು ಹೆಸರು ಬರೆದು ಏನೂ ಸಿಗದೆ ಕುಳಿತವರನ್ನು ನೋಡಿದ್ದೇನೆ. ಆದರೆ ಸಿಕ್ಕರೆ ಹೋಗುವುದೇ ಇಲ್ಲ ಎನ್ನುವ ಕಾಲೇಜನ್ನು ಬರೆಯಬೇಡಿ. ಅಣಕು ಸೀಟು ಹಂಚಿಕೆ ಬಂದಾಗ ಅದೇ ಅಂತಿಮ ಎಂದು ಅಳುವವರೂ ಇದ್ದಾರೆ, ಸಿಹಿ ಹಂಚುವವರೂ ಇದ್ದಾರೆ. ನಿಮ್ಮ ರ‍್ಯಾಂಕಿಗೆ ಎಲ್ಲಿ ಸಿಗಬಹುದು ಎಂಬ ಅಂದಾಜಷ್ಟೇ ಅದು. ಅದನ್ನು ನೋಡಿ ಕ್ರಮ ತಿದ್ದಿಕೊಳ್ಳಲು ಅವಕಾಶವಿರುತ್ತದೆ. ನಿಜವಾದ ಸುತ್ತಿನ ನಂತರ ಚಾಯ್ಸ್ ಗುರುತಿಸಬೇಕು. ಒಂದು ಎಂದರೆ ಒಪ್ಪಿ ಸೇರುವುದು. ಎರಡು ಎಂದರೆ ಸಿಕ್ಕಿದ್ದನ್ನು ಕೈಯಲ್ಲಿಟ್ಟುಕೊಂಡು ಅದಕ್ಕಿಂತ ಮೇಲೆ ಬರೆದದ್ದಕ್ಕೆ ಕಾಯುವುದು. ಮೇಲಿನದು ಸಿಕ್ಕರೆ ಹಿಂದಿನದು ತಾನಾಗಿಯೇ ಹೋಗುತ್ತದೆ. ಮೂರು ಎಂದರೆ ಸಿಕ್ಕಿದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕು ಎಂದರೆ ಪ್ರಕ್ರಿಯೆಯಿಂದಲೇ ಹೊರಬರುವುದು. ಎರಡರ ಬದಲು ಮೂರು ಒತ್ತಿ ಇದ್ದದ್ದನ್ನೂ ಕಳೆದುಕೊಳ್ಳುವವರು ಪ್ರತಿ ವರ್ಷವೂ ಸಿಗುತ್ತಾರೆ. ಶುಲ್ಕ ಕಟ್ಟುವ ನಿಯಮ, ಕೊನೆಯ ದಿನಾಂಕ ಇವು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದ ಸೂಚನೆಯನ್ನು ನೀವೇ ಓದಿ. ಪಕ್ಕದ ಮನೆಯವರ ಮಾತು ಹೋದ ವರ್ಷದ್ದು.

ಕಾಗದ ಪತ್ರಗಳ ವಿಷಯದಲ್ಲಿ ಹಳ್ಳಿಯ ಮಕ್ಕಳೇ ಹೆಚ್ಚು ಕಳೆದುಕೊಳ್ಳುತ್ತಾರೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಎರಡಕ್ಕೂ ಬೇಕಾದ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿ ಬೇಕು. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಪ್ರತ್ಯೇಕ ಸೀಟುಗಳಿವೆ. ನಾಡಕಚೇರಿಯಲ್ಲಿ ಕೊಡುವ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ತುಂಬುವಾಗ ಒಂದು ಅಂಕಿ ತಪ್ಪಿದರೂ ಅಲೆದಾಟ. ಇವನ್ನೆಲ್ಲ ದ್ವಿತೀಯ ಪಿಯುಸಿಯ ದಸರಾ ರಜೆಯಲ್ಲೇ ಮಾಡಿಸಿಟ್ಟುಕೊಳ್ಳಿ. ಇನ್ನೊಂದು ಮಾತು: ಇಂಜಿನಿಯರಿಂಗ್ ರ‍್ಯಾಂಕಿನಲ್ಲಿ ಅರ್ಧ ಪಾಲು ಪಿಯುಸಿ ಅಂಕಗಳದ್ದು. ಕೋಚಿಂಗ್ ಭರದಲ್ಲಿ ಪಿಯುಸಿ ಪರೀಕ್ಷೆಯನ್ನು ಕಡೆಗಣಿಸುವವರಿಗೆ ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಕಾಲೇಜು ನೋಡಲು ಹೋಗುವುದಾದರೆ ಕೆಲಸದ ದಿನ ಹೋಗಿ. ಪ್ರವೇಶ ವಿಭಾಗದವರು ಹವಾನಿಯಂತ್ರಿತ ಸಭಾಂಗಣ ತೋರಿಸುತ್ತಾರೆ. ನೀವು ಲ್ಯಾಬಿನ ಬಾಗಿಲು ತೆರೆದಿದೆಯೇ, ಒಳಗೆ ಯಾರಾದರೂ ಕೆಲಸ ಮಾಡುತ್ತಿದ್ದಾರೆಯೇ ನೋಡಿ. ಕ್ಯಾಂಟೀನಿನಲ್ಲಿ ಕುಳಿತ ಕೊನೆಯ ವರ್ಷದ ಮಕ್ಕಳನ್ನು ಮಾತನಾಡಿಸಿ. ಅವರಿಗೆ ಮುಚ್ಚಿಡುವಂಥದ್ದೇನೂ ಇರುವುದಿಲ್ಲ. ಎನ್‌ಬಿಎ (ತಾಂತ್ರಿಕ ಕೋರ್ಸುಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆ ಎಂದು ಫಲಕ ಹಾಕಿದ್ದರೆ ಯಾವ ಬ್ರ್ಯಾಂಚಿಗೆ ಎಂದು ಕೇಳಿ, ಏಕೆಂದರೆ ಆ ಮಾನ್ಯತೆ ಕೊಡುವುದು ಕೋರ್ಸಿಗೆ, ಇಡೀ ಕಾಲೇಜಿಗಲ್ಲ. ಹೆದ್ದಾರಿಯ ಪಕ್ಕದ ಹೋರ್ಡಿಂಗಿನಲ್ಲಿ ಮಿನುಗುವ ಅತಿ ಹೆಚ್ಚಿನ ಪ್ಯಾಕೇಜು ಒಬ್ಬನದು. ಸಾಲಿನ ನಡುವಿನವನಿಗೆ ಎಷ್ಟು ಸಿಕ್ಕಿತು, ಒಬ್ಬನಿಗೆ ಮೂರು ಕಂಪನಿಗಳಲ್ಲಿ ಕೆಲಸ ಸಿಕ್ಕಿದ್ದನ್ನು ಮೂರು ಎಂದು ಎಣಿಸಿದ್ದಾರೆಯೇ ಎಂದು ಕೇಳಲು ಸಂಕೋಚ ಬೇಡ.

ಇಂಜಿನಿಯರಿಂಗೇ ಬೇಡ ಎನ್ನುವ ಮಕ್ಕಳು ನನ್ನ ಬಳಿಗೆ ತಂದೆ ತಾಯಿಯ ಜೊತೆ ಬರುವುದಿಲ್ಲ, ಒಬ್ಬರೇ ಬರುತ್ತಾರೆ. ಅದೇ ಸಿಇಟಿಯಿಂದ ಪಶುವೈದ್ಯಕೀಯ, ಕೃಷಿ, ತೋಟಗಾರಿಕೆ, ಅರಣ್ಯ, ಫಾರ್ಮಸಿಗೂ ದಾರಿ ಇದೆ. ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಿಂದ ಇದೆ, ದೇಶದಲ್ಲೇ ಮೊದಲನೆಯದು. ನಮ್ಮ ಬಯಲುಸೀಮೆಯಲ್ಲಿ ಅದರ ಹೆಸರು ಕೇಳಿದವರು ಕಡಿಮೆ. ರೈತರ ಮಕ್ಕಳಿಗೆ ಕೃಷಿ ಕೋರ್ಸುಗಳಲ್ಲಿ ಪ್ರತ್ಯೇಕ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯೂ ಇದೆ. ಮೇಜಿನ ಮೇಲಿಟ್ಟ ಬೀಜ, ಗೊಬ್ಬರ, ಕಳೆಗಿಡ, ಸಲಕರಣೆಗಳನ್ನು ನೋಡಿ ಗುರುತಿಸಬೇಕು. ತಂದೆಯ ಜೊತೆ ಹೊಲದಲ್ಲಿ ಓಡಾಡಿದ ಹುಡುಗಿ ಅಲ್ಲಿ ಪೇಟೆಯ ರ‍್ಯಾಂಕಿನವರನ್ನು ಹಿಂದೆ ಹಾಕುತ್ತಾಳೆ. ಮಾತು, ಕೇಳುವಿಕೆಯ ತೊಂದರೆಗಳ ಚಿಕಿತ್ಸೆ ಕಲಿಸುವ ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ನಾಲ್ಕು ವರ್ಷದ ಪದವಿ ನಾನು ಮತ್ತೆ ಮತ್ತೆ ಹೇಳುವ ಇನ್ನೊಂದು. ಕೈಕೆಲಸದಲ್ಲಿ ಆಸಕ್ತಿ ಇರುವವರಿಗೆ ಎಸ್‌ಎಸ್‌ಎಲ್‌ಸಿ ಮುಗಿದ ಕೂಡಲೇ ಸರ್ಕಾರಿ ತರಬೇತಿ ಕೇಂದ್ರವಾದ ಜಿಟಿಟಿಸಿಯ ಟೂಲ್ ಅಂಡ್ ಡೈ (ಉಪಕರಣ, ಅಚ್ಚು ತಯಾರಿಕೆ) ಡಿಪ್ಲೊಮಾ ಹೇಳುತ್ತೇನೆ. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು, ಆದ್ದರಿಂದ ದಾರಿ ಮುಚ್ಚಿತು ಎಂಬ ಹೆದರಿಕೆ ಬೇಡ.

ಮ್ಯಾನೇಜ್‌ಮೆಂಟ್ ಸೀಟಿಗೆ ತೋಟ ಅಡ ಇಡಬಹುದೇ ಎಂದು ಕೇಳುವವರಿಗೆ ಬೇಡ ಎನ್ನುತ್ತೇನೆ, ವಿವರಣೆಯನ್ನೂ ಕೊಡುವುದಿಲ್ಲ. ವೈದ್ಯಕೀಯಕ್ಕಾಗಿ ಲಾಂಗ್‌ಟರ್ಮ್ (ಪಿಯುಸಿ ಮುಗಿಸಿ ನೀಟ್ ಪರೀಕ್ಷೆಗೆ ಮತ್ತೆ ವರ್ಷವಿಡೀ ಕೋಚಿಂಗ್) ಹಾಕಬಹುದೇ ಎಂದರೆ, ಮಗು ತಾನಾಗಿ ಕೇಳಿದ್ದರೆ ಒಂದು ವರ್ಷ ಸರಿ. ಎರಡನೆಯ ವರ್ಷಕ್ಕೆ ಹಾಸ್ಟೆಲ್ ಶುಲ್ಕ ಕಟ್ಟುವ ಮೊದಲು ಮೊದಲನೆಯ ವರ್ಷದ ಅಂಕ ಎಷ್ಟು ಏರಿತು ಎಂದು ನೋಡಿ. ಏರದಿದ್ದರೆ ಆ ದುಡ್ಡು ಉಳಿಸಿ ಪಶುವೈದ್ಯಕೀಯದ ಅರ್ಜಿ ತುಂಬಿಸಿ.