ಐದು ಕ್ವಿಂಟಾಲ್ ಅಡಿಕೆಯ ಹಳೆಯ ರಿವಾಲ್ವರ್

ಚೌತಿಯ ಮರುದಿನ ಮಧ್ಯಾಹ್ನ ಮಳೆ ಸ್ವಲ್ಪ ಹೊಳವಾಗಿದ್ದಾಗ, ಊಟ ಮುಗಿಸಿದ ಭಾವ ಜಗುಲಿಯ ಬೆಳಕಿನಲ್ಲಿ ನನ್ನ ರಿವಾಲ್ವರನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದವನು ಓದುವ ಕನ್ನಡಕ ತರಿಸಿಕೊಂಡ. ಚೌಕಟ್ಟಿನ ಮೇಲಿನ ಸಂಖ್ಯೆಯನ್ನು ಒಮ್ಮೆ ಗಟ್ಟಿಯಾಗಿ ಓದಿದ, ಆಮೇಲೆ ತೋಟೆ ತುಂಬುವ, ತಿರುಗುವ ಸಿಲಿಂಡರಿನ ಅಂಚಿನಲ್ಲಿದ್ದ ಸಂಖ್ಯೆಯನ್ನು ಓದಿದ. ಒಂದೇ ಆಗಿರಬೇಕಾದ ಅವೆರಡೂ ಬೇರೆ ಬೇರೆಯಾಗಿದ್ದವು. "ಅಲ್ದೋ ಭಾವ, ತಗಂಬಕಾರೆ ಇದ್ನ ಬಿಚ್ಚಿ ನೋಡಿದ್ದಿಲ್ಯ?" ಎಂದು ಅವನು ಕೇಳಿದ ಪ್ರಶ್ನೆಗೆ ನನ್ನ ಬಳಿ ಗೌರವ ಉಳಿಸಿಕೊಳ್ಳುವಂಥ ಉತ್ತರವಿರಲಿಲ್ಲ.

ನೋಡಿರಲಿಲ್ಲ ಎಂದರೆ ಪೂರ್ತಿ ನಿಜವಲ್ಲ. ನಾನು ನೋಡಿದ್ದು ಕಾಗದವನ್ನು. ಮಾರಿದವರು ಕುಮಟಾ ಕಡೆಯ ಹಿರಿಯರು. ಅವರ ತಂದೆಯ ಕಾಲದ ಆಯುಧ. ಶಸ್ತ್ರಾಸ್ತ್ರ ಕಾಯ್ದೆ 1959ರ ಪ್ರಕಾರ ಒಬ್ಬ ಪರವಾನಗಿದಾರ ಇನ್ನೊಬ್ಬನಿಗೆ ತನ್ನ ಸ್ವಂತ ಬಂದೂಕನ್ನು ಮಾರಬೇಕಾದರೆ ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಪೊಲೀಸ್ ಠಾಣೆಯ ಅಧಿಕಾರಿಗೆ ಲಿಖಿತವಾಗಿ ತಿಳಿಸಿ, ಆಮೇಲೆ 45 ದಿನಗಳು ಕಳೆಯುವವರೆಗೆ ಕಾಯಬೇಕು. ಆ 45 ದಿನಗಳಲ್ಲಿ ನಾನು ಕಾಗದದ ಒಂದೊಂದು ಸಾಲನ್ನೂ ತಿದ್ದಿಸಿದೆ. ಅಪ್ಪಯ್ಯನ ಕಾಲದಿಂದ ಬಂದ ಬೆಳೆ ರಕ್ಷಣೆಯ ಒಂಟಿ ನಳಿಗೆಯ ಕೋವಿ ನನ್ನ ಹೆಸರಿನಲ್ಲಿ ಇರುವುದರಿಂದ, 2019ರ ತಿದ್ದುಪಡಿಯ ನಂತರ ಒಬ್ಬನಿಗೆ ಎರಡೇ ಬಂದೂಕುಗಳು ಎಂಬ ಮಿತಿಯೊಳಗೆ ಇದು ಕೂರುತ್ತದೆಯೇ ಎಂದು ಎರಡು ಸಲ ಕೇಳಿ ಖಚಿತಪಡಿಸಿಕೊಂಡೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಕುಮಟಾ–ಅಂಕೋಲಾ ನಡುವೆ ಹೆದ್ದಾರಿ ಕಡಿದುಹೋದಾಗ, ಯಲ್ಲಾಪುರಕ್ಕೆ ಸುತ್ತು ಹಾಕಿ ಅರಬೈಲ್ ಘಟ್ಟ ಇಳಿದು ಕಾರವಾರ ಮುಟ್ಟಿ ಒಂದು ಸಹಿಗಾಗಿ ದಿನವಿಡೀ ಕುಳಿತು ಬಂದೆ. ಪರವಾನಗಿಯಲ್ಲಿ ನಮೂದಾಗಿರುವ ಸಂಖ್ಯೆ ಚೌಕಟ್ಟಿನ ಮೇಲಿನ ಸಂಖ್ಯೆಗೆ ಅಕ್ಷರಶಃ ಹೊಂದುತ್ತದೆ. ಆದ್ದರಿಂದ ಕಾನೂನಿನ ಕಣ್ಣಿನಲ್ಲಿ ನನ್ನ ವ್ಯವಹಾರದಲ್ಲಿ ಲೋಪವಿಲ್ಲ; ಲೋಪವಿರುವುದು ಕಬ್ಬಿಣದಲ್ಲಿ.

ವಖಾರಿಯಲ್ಲಿ ರಾಶಿ ಎಂಬ ಬಗೆಯ ಅಡಿಕೆಯ ಮೂಟೆಗೆ ಕೈ ಹಾಕಿ ತಳದಿಂದ ಒಂದು ಹಿಡಿ ತೆಗೆದು ನೋಡದೆ ಯಾವ ವ್ಯಾಪಾರಿಯೂ ದರ ಬರೆಯುವುದಿಲ್ಲ ಎಂಬುದನ್ನು ನಲವತ್ತು ವರ್ಷಗಳಿಂದ ಕಂಡವನು ನಾನು. ಅಂಥ ಐದು ಕ್ವಿಂಟಾಲ್ ರಾಶಿಯ ದುಡ್ಡನ್ನು ಕೊಡುವಾಗ ಮೇಲಿನ ಹೊಳಪನ್ನು ಮಾತ್ರ ನೋಡಿದೆ.

ಆ ಹೊಳಪಿಗೂ ಒಂದು ಕಥೆಯಿದೆ. ಲೋಕಸಭಾ ಚುನಾವಣೆಯ ನೀತಿಸಂಹಿತೆ 2024ರ ಮಾರ್ಚ್ 16ರಂದು ಜಾರಿಗೆ ಬಂದಿತು. ನಮ್ಮ ಜಿಲ್ಲೆಯಲ್ಲಿ ಮತದಾನ ನಡೆದದ್ದು ಮೇ 7ರಂದು. ಚುನಾವಣೆಗೆಂದು ಠಾಣೆಯಲ್ಲಿ ಠೇವಣಿಯಿಟ್ಟ ಆಯುಧಗಳು ಮನೆಗೆ ಮರಳುವ ಹೊತ್ತಿಗೆ ಜೂನ್ ಬಂದು ಮಳೆ ಹಿಡಿದಿತ್ತು. ಮಾರಿದವರ ರಿವಾಲ್ವರ್ ಅಷ್ಟು ಕಾಲ ಒಂದು ಠಾಣೆಯ ಕೋಣೆಯಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಸ್ಥಿತಿಯಲ್ಲಿ ಇತ್ತಂತೆ. ಕರಾವಳಿಯ ಉಪ್ಪುಗಾಳಿಗೆ ಎಣ್ಣೆಯಿಲ್ಲದ ಉಕ್ಕನ್ನು ಒಡ್ಡಿದರೆ ಏನಾಗುತ್ತದೆ ಎಂಬುದನ್ನು ಅಲ್ಲಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ, ಕಿಟಕಿಯ ಸರಳುಗಳೇ ಹೇಳುತ್ತವೆ. ತುಕ್ಕು ಕಂಡು ಗಾಬರಿಯಾದ ಅವರು ಅದನ್ನು ಉಜ್ಜಿಸಿ ಹೊಸದಾಗಿ ಬ್ಲೂಯಿಂಗ್, ಎಂದರೆ ಉಕ್ಕಿಗೆ ನೀಲಿಗಪ್ಪು ಬಣ್ಣ ಕೊಡುವ ಕೆಲಸ, ಮಾಡಿಸಿದರು. ನನಗೆ ತೋರಿಸುವ ದಿನ ಅದು ಕಡುನೀಲಿ ಕಪ್ಪಿನಲ್ಲಿ, ಮಳೆಯಲ್ಲಿ ನೆನೆದ ಕಾಗೆಯ ರೆಕ್ಕೆಯಂತೆ ಹೊಳೆಯುತ್ತಿತ್ತು. ಉಜ್ಜುವ ಚಕ್ರ ತುಕ್ಕನ್ನಷ್ಟೇ ತಿನ್ನುವುದಿಲ್ಲ, ಅಂಚುಗಳನ್ನೂ ಅಕ್ಷರಗಳನ್ನೂ ತಿನ್ನುತ್ತದೆ. ಇದನ್ನು ತಯಾರಿಸಿದ ಇಂಗ್ಲೆಂಡಿನ ವೆಬ್ಲಿ ಕಂಪನಿಯ ಗುರುತಾದ ರೆಕ್ಕೆ ಮೂಡಿದ ಗುಂಡಿನ ಚಿತ್ರದಲ್ಲಿ ಈಗ ಒಂದು ರೆಕ್ಕೆ ಮಾತ್ರ ಉಳಿದಿದೆ. ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸಿನಲ್ಲಿ, ಎಂದರೆ 1813ರಿಂದಲೂ ಬಂದೂಕುಗಳಿಗೆ ಹೆಚ್ಚಿನ ಒತ್ತಡದ ತೋಟೆ ಹೊಡೆದು ಪರೀಕ್ಷಿಸಿ ಮುದ್ರೆ ಹಾಕುವ ಆ ಸಂಸ್ಥೆಯಲ್ಲಿ, ಒತ್ತಿದ ಕಿರೀಟದ ಮುದ್ರೆಯ ಕೆಳಗಿನ ಅಕ್ಷರಗಳು ಸವೆದುಹೋಗಿವೆ. ಯಾವ ಕಾಲದ, ಯಾವ ಬಗೆಯ ಪರೀಕ್ಷೆ ಎಂದು ಹೇಳಬೇಕಾದ ಅಕ್ಷರಗಳೇ ಅವು.

ಹೆಸರಿನ ಮೋಹ ನನಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ವೆಬ್ಲಿ ಅಂಡ್ ಸ್ಕಾಟ್ ಎಂಬ ಹೆಸರಿನ ಕಂಪನಿ 1897ರಲ್ಲಿ ರೂಪುಗೊಂಡದ್ದು. ಬ್ರಿಟಿಷ್ ಸೇನೆಗೆ ಅದು ಒದಗಿಸಿದ ದೊಡ್ಡ .455 ರಿವಾಲ್ವರುಗಳು ನಮ್ಮಲ್ಲಿ ನಿಷೇಧಿತ ಬೋರಿಗೆ, ಎಂದರೆ ಸಾಮಾನ್ಯರಿಗೆ ಪರವಾನಗಿ ಸಿಗದ ನಳಿಕೆಯ ಅಳತೆಗೆ, ಸೇರುತ್ತವೆ. ಸಾಮಾನ್ಯನ ಪರವಾನಗಿಗೆ ಸಿಗುವುದು .32ರ ಮಾರ್ಕ್ 4. ನಳಿಕೆಯನ್ನು ಕೆಳಕ್ಕೆ ಬಾಗಿಸಿದರೆ ಅದು ನಡುವಿನಲ್ಲಿ ಮುರಿದಂತೆ ತೆರೆದುಕೊಂಡು ಆರೂ ಖಾಲಿ ತೋಟೆಗಳನ್ನು ಒಮ್ಮೆಗೇ ಮೇಲೆತ್ತಿ ಚೆಲ್ಲುವ ಆ ಏರ್ಪಾಟು ನೋಡಲು ಬಹಳ ಚಂದ. 1980ರ ದಶಕದಲ್ಲಿ ವಿದೇಶಿ ಆಯುಧಗಳ ಆಮದು ಖಾಸಗಿಯವರಿಗೆ ಮುಚ್ಚಿಹೋದ ಮೇಲೆ ಇಂಥ ಹಳೆಯ ತುಂಡುಗಳ ಬೆಲೆ ಏರುತ್ತಲೇ ಹೋಯಿತು. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರು ಇದೇ ವಿನ್ಯಾಸದ ಸಂತಾನ, ಹೊಸದು, ಬಿಡಿಭಾಗ ಸಿಗುತ್ತದೆ ಎಂದು ಭಾವ ಮೊದಲೇ ಹೇಳಿದ್ದ. ನನಗೆ ಸಂತಾನ ಬೇಕಿರಲಿಲ್ಲ, ಅಜ್ಜನೇ ಬೇಕಿತ್ತು.

ಸಂಖ್ಯೆಯ ವ್ಯತ್ಯಾಸ ತಿಳಿದ ಸಂಜೆಯೇ, ಮೂರು ಬಾರಿ ಖಾಲಿ ಎಂದು ಖಚಿತಪಡಿಸಿಕೊಂಡು, ಸಿಲಿಂಡರಿನಲ್ಲಿ ತೋಟೆ ಕೂರುವ ಆರು ಕೋಣೆಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ತೋಟೆ ಸಿಡಿಸಲು ಬಡಿಯುವ ಹ್ಯಾಮರನ್ನು ಹೆಬ್ಬೆರಳಿನಿಂದ ನಿಧಾನವಾಗಿ ಹಿಂದಕ್ಕೆಳೆದಾಗ ಸಿಲಿಂಡರ್ ಒಂದು ಮನೆ ಮುಂದೆ ತಿರುಗಿ, ಹ್ಯಾಮರ್ ಪೂರ್ತಿ ನಿಲ್ಲುವ ಹೊತ್ತಿಗೆ ತಾನೂ ಬೀಗ ಬಿದ್ದಂತೆ ಗಟ್ಟಿಯಾಗಿ ನಿಲ್ಲಬೇಕು. ಐದು ಕೋಣೆಗಳು ಹಾಗೆ ನಿಂತವು. ಆರನೆಯದು ಕೂದಲೆಳೆಯಷ್ಟು ಹಿಂದೆ ಉಳಿಯಿತು. ಬೆರಳಿನಿಂದ ತಳ್ಳಿದ ಮೇಲೆ 'ಟಕ್' ಎಂದಿತು. ಡೀಸೆಲ್ ಪಂಪ್‌ಸೆಟ್ಟಿನ ವಾಲ್ವ್ ಹೊಂದಿಸಲು ಇಟ್ಟುಕೊಂಡಿದ್ದ, ತೆಳು ಲೋಹದ ಎಲೆಗಳ ಫೀಲರ್ ಗೇಜ್ ತಂದು ಸಿಲಿಂಡರಿಗೂ ನಳಿಕೆಯ ಹಿಂಬದಿಗೂ ನಡುವಿನ ಸಂದನ್ನು ಅಳೆದೆ. ಒಳ್ಳೆಯ ರಿವಾಲ್ವರಿನಲ್ಲಿ ಅದು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಿಂದ ಹತ್ತನೆಯ ಎರಡು ಭಾಗದಷ್ಟಿರುತ್ತದೆ. ನನ್ನದರಲ್ಲಿ ಒಂದು ಕೋಣೆಯ ಮುಂದೆ 0.15 ಇದ್ದದ್ದು ಮತ್ತೊಂದರ ಮುಂದೆ 0.35ರ ಎಲೆಯನ್ನೂ ಒಳಗೆ ಬಿಟ್ಟುಕೊಂಡಿತು. ಎಂದೋ ಒಮ್ಮೆ ಮೂಲ ಸಿಲಿಂಡರ್ ಹಾಳಾಗಿ, ಇನ್ಯಾವುದೋ ವೆಬ್ಲಿಯದನ್ನು ತಂದು ಇದರ ಹೊಟ್ಟೆಗೆ ಕೂರಿಸಿದ್ದಾರೆ ಎಂಬುದಕ್ಕೆ ಇಷ್ಟು ಸಾಕು. ಕೋಣೆ ನಳಿಕೆಗೆ ನೇರವಾಗಿ ನಿಲ್ಲದಿದ್ದರೆ ಗುಂಡು ಒಳಹೋಗುವಾಗ ಅಂಚಿಗೆ ಉಜ್ಜಿ ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ; ಪಕ್ಕದಲ್ಲಿರುವವನಿಗೆ ಅದು ತಗುಲಬಹುದು.

ಮೂಲ ಸಿಲಿಂಡರ್ ಏಕೆ ಹಾಳಾಗಿರಬಹುದು ಎಂಬ ಯೋಚನೆಯೇ ಈಗ ನಿದ್ದೆ ಕೆಡಿಸುತ್ತಿದೆ. ಈ ರಿವಾಲ್ವರಿನ ತೋಟೆ .32 ಎಸ್ ಅಂಡ್ ಡಬ್ಲ್ಯೂ (ಸ್ಮಿತ್ ಅಂಡ್ ವೆಸನ್) ಲಾಂಗ್ ಎಂಬ ಬಗೆಯದು. ಪಿಸ್ತೂಲಿಗೆ ಬರುವ 7.65 ಮಿಲಿಮೀಟರಿನ ತೋಟೆಯನ್ನೂ ನಮ್ಮ ಜನ '.32' ಎಂದೇ ಕರೆಯುತ್ತಾರೆ. ಅದರ ಹಿಂಬದಿಯ ಅಂಚು ತುಸು ಹೊರಚಾಚಿರುವುದರಿಂದ ಈ ಸಿಲಿಂಡರಿನೊಳಗೂ ಕೂತುಬಿಡುತ್ತದೆ, ಆದರೆ ಅದು ಹುಟ್ಟಿಸುವ ಒತ್ತಡ ರಿವಾಲ್ವರಿನ ತೋಟೆಗಿಂತ ಹೆಚ್ಚು. ಮಾರಿದವರ ಹಳೆಯ ದಾಖಲೆಯಲ್ಲಿ ತೋಟೆ ಖರೀದಿಯ ನಮೂದುಗಳೆಲ್ಲ '.32, ಇಷ್ಟು' ಎಂದಷ್ಟೇ ಇವೆ. ಕಾಗದದ ಮೇಲೆ ಅಷ್ಟು ನಂಬಿಕೆಯಿಟ್ಟ ನನಗೆ, ನಿಜವಾಗಿ ಬೇಕಾದ ಒಂದು ವಿಷಯವನ್ನು ಆ ಕಾಗದ ಹೇಳುವುದಿಲ್ಲ.

ಅವರಿಗೆ ಫೋನ್ ಮಾಡಿದೆ. "ಅಪ್ಪ ತಂದದ್ದು ಹೀಗೇ ಇತ್ತು, ನಾನು ಒಂದು ಸ್ಕ್ರೂ ಸಹ ತಿರುಗಿಸಿದವನಲ್ಲ ಮಾರಾಯ್ರೆ" ಎಂದರು. ಸುಳ್ಳು ಹೇಳುವ ಮನುಷ್ಯರೆಂದು ನನಗೆ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಹಿಂದಿರುಗಿಸುತ್ತೇನೆ ಎಂದು ಕೇಳುವ ದಾರಿಯೂ ಇಲ್ಲ: ವಯಸ್ಸಾಯಿತೆಂದು ಮಾರಾಟ ಮುಗಿದ ವಾರದಲ್ಲೇ ಅವರು ತಮ್ಮ ಪರವಾನಗಿಯನ್ನು ಒಪ್ಪಿಸಿಬಿಟ್ಟಿದ್ದಾರೆ. ದುಡ್ಡು ಮರಳಿಸಲು ಅವರು ಒಪ್ಪಿದರೂ ರಿವಾಲ್ವರನ್ನು ಮುಟ್ಟುವ ಹಕ್ಕು ಅವರಿಗಿಲ್ಲ. ಸೀರೆಯನ್ನೋ ಮಿಕ್ಸಿಯನ್ನೋ ಹಿಂದಕ್ಕೆ ಕೊಟ್ಟಂತೆ ಕೊಡಲು ಬರುವ ವಸ್ತು ಇದಲ್ಲ ಎಂಬುದು ಕೊಳ್ಳುವಾಗ ನನಗೆ ಹೊಳೆದಿರಲಿಲ್ಲ.

ಕಳೆದ ವಾರ ಕೊಳೆರೋಗದ ಔಷಧಿ ಹೊಡೆಯುವ ಆಳುಗಳನ್ನು ಹೊಂದಿಸಿಟ್ಟು ಹುಬ್ಬಳ್ಳಿಗೆ ಹೋಗಿ, ಪರವಾನಗಿಯುಳ್ಳ ವ್ಯಾಪಾರಿಯೊಬ್ಬರಿಗೆ ತೋರಿಸಿದೆ. ಅವರು ನಳಿಕೆಯೊಳಗೆ ಅಳತೆಯ ಸರಳೊಂದನ್ನು ಇಳಿಸಿ ಆರೂ ಕೋಣೆಗಳನ್ನು ತಿರುಗಿಸಿ ನೋಡಿದರು. ಐದರಲ್ಲಿ ಸರಳು ಸಲೀಸಾಗಿ ಇಳಿಯಿತು, ಆರನೆಯದರ ಅಂಚಿಗೆ ತಾಗಿ ನಿಂತಿತು. ನಳಿಕೆಯ ಒಳಗೆರೆಗಳು ಚೆನ್ನಾಗಿವೆ, ಚೌಕಟ್ಟಿನಲ್ಲಿ ಬಿರುಕಿಲ್ಲ, ಮೇಲಿನ ಕೊಂಡಿ ಗಟ್ಟಿಯಾಗಿದೆ, ಸಿಲಿಂಡರನ್ನು ತಿರುಗಿಸುವ ಕೊಕ್ಕೆ ಮಾತ್ರ ಸವೆದಿದೆ ಎಂದರು. ಹೊಸ ಕೊಕ್ಕೆಯನ್ನು ಅರದಿಂದ ಉಜ್ಜಿ ಹೊಂದಿಸಬಹುದು, ಆದರೆ ಒಂದು ಕೋಣೆಗೆ ಹೊಂದಿಸಿದರೆ ಉಳಿದ ಐದಕ್ಕೆ ಹೆಚ್ಚಾಗುವ ಅಪಾಯವಿದೆ; ಅಲ್ಲಿಯವರೆಗೆ ಗುಂಡು ಹಾಕಬೇಡಿ ಎಂದು ಎರಡು ಸಲ ಹೇಳಿದರು. ಬೆಲೆಯ ಬಗ್ಗೆ ನಾನು ಕೇಳಲಿಲ್ಲ, ಅವರೂ ದಾಕ್ಷಿಣ್ಯಕ್ಕೆ ಹೇಳಲಿಲ್ಲ.

ರಿಪೇರಿಯ ಸರದಿ ದೀಪಾವಳಿಯ ನಂತರ ಬರುತ್ತದೆ. ಅಲ್ಲಿಯವರೆಗೆ ಅದು ಎಣ್ಣೆ ಸವರಿಸಿಕೊಂಡು ಬೀಗದ ಪೆಟ್ಟಿಗೆಯಲ್ಲಿ ಇರುತ್ತದೆ, ಕೊಂಡ ತೋಟೆಗಳ ಪೊಟ್ಟಣ ಒಡೆಯದೆ ಬೇರೆ ಕಪಾಟಿನಲ್ಲಿ ಇರುತ್ತದೆ. ನಿನ್ನೆ ಭಾವ ಮತ್ತೆ ಫೋನ್ ಮಾಡಿ ಏನು ಮಾಡಿದೆ ಎಂದು ಕೇಳಿದ. ಆರನೆಯ ಕೋಣೆಗೆ ಬಿಳಿ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟಿದ್ದೇನೆ ಎಂದೆ.