ಮಂಜುಗಡ್ಡೆಯ ವಾದ್ಯ, ಮಾತು ಬಿಟ್ಟ ಕಂಠ

ನಾರ್ವೆಯ ಜಾಝ್ ಗಾಯಕಿ ಸಿಡ್ಸೆಲ್ ಎಂಡ್ರೆಸೆನ್ ಮತ್ತು ತಾಳವಾದ್ಯಗಾರ ಟೆರ್ಯೆ ಇಸುಂಗ್‌ಸೆಟ್ ಸೇರಿ ಮಾಡಿದ ‘ಇಗ್ಲೂ’ ಎಂಬ ಧ್ವನಿಮುದ್ರಿಕೆ 2006ರಲ್ಲಿ ಹೊರಬಂದಿತು. ಒಂದು ಕಡೆ ಮನುಷ್ಯರ ಕಂಠ, ಇನ್ನೊಂದು ಕಡೆ ಮಂಜುಗಡ್ಡೆಯಿಂದ ಕೆತ್ತಿದ ವಾದ್ಯಗಳು. ಅದರ ಬಂಡವಾಳ ಇಷ್ಟೇ. ಪ್ರಕೃತಿಪ್ರೇರಿತ ಸಂಗೀತವೆಂಬ ಹೆಸರಿನಲ್ಲಿ ಬರುವ ಬಹುಪಾಲು ಧ್ವನಿಮುದ್ರಿಕೆಗಳ ಬಗ್ಗೆ ನನಗೆ ಒಲವು ಕಡಿಮೆ. ತೊರೆಯ ಸದ್ದನ್ನೂ ಹಕ್ಕಿಯ ಕೂಗನ್ನೂ ಹಿನ್ನೆಲೆಗೆ ಹಾಕಿ, ಅದರ ಮೇಲೆ ಕೊಳಲಿನ ನಾಲ್ಕು ಸ್ವರಗಳನ್ನು ತೇಲಿಬಿಟ್ಟರೆ ಕೆಲಸ ಮುಗಿಯಿತೆಂಬ ಧೋರಣೆ ಅಲ್ಲಿ ಎದ್ದು ಕಾಣುತ್ತದೆ. ‘ಇಗ್ಲೂ’ವಿನಲ್ಲಿ ಪ್ರಕೃತಿಗೆ ಅಂಥ ಹಿನ್ನೆಲೆಯ ಪಾತ್ರವಿಲ್ಲ; ನುಡಿಸುವವರ ಮಾತನ್ನು ಪೂರ್ತಿಯಾಗಿ ಕೇಳದ ಒಂದು ವಸ್ತುವಾಗಿ ಅದು ಅವರ ಕೈಯಲ್ಲಿಯೇ ಇರುತ್ತದೆ.

1952ರಲ್ಲಿ ಟ್ರಾಂಡ್‌ಹೈಮ್‌ನಲ್ಲಿ ಹುಟ್ಟಿದ ಎಂಡ್ರೆಸೆನ್ ಮೊದಲಿಗೆ ಹೆಸರು ಮಾಡಿದ್ದು 1980ರ ದಶಕದಲ್ಲಿ, ಗಿಟಾರ್ ವಾದಕ ಯೂನ್ ಎಬೆರ್ಸನ್ ಅವರ ಗುಂಪಿನ ಗಾಯಕಿಯಾಗಿ. ಆಗಿನ ಅವರ ಹಾಡುಗಾರಿಕೆಯಲ್ಲಿ ಸಾಹಿತ್ಯವಿತ್ತು, ಕುಣಿಸುವ ಲಯವಿತ್ತು. ಅನಂತರ ಜರ್ಮನಿಯ ಇಸಿಎಂ ಎಂಬ ಧ್ವನಿಮುದ್ರಣ ಸಂಸ್ಥೆಗಾಗಿ ಮಾಡಿದ ಎರಡು ಧ್ವನಿಮುದ್ರಿಕೆಗಳಲ್ಲಿಯೂ, ಪಿಯಾನೊ ವಾದಕ ಬುಗ್ಗೆ ವೆಸೆಲ್‌ಟಾಫ್ಟ್ ಅವರೊಡನೆ ನಡೆಸಿದ ದೀರ್ಘ ಜುಗಲ್‌ಬಂದಿಯಲ್ಲಿಯೂ ಹಾಡಿನ ವೇಗ ತಗ್ಗುತ್ತ, ಪದಗಳ ನಡುವಣ ಬಿಡುವು ಹಿಗ್ಗುತ್ತ ಬಂದಿತು. ಆ ಹಾದಿ ಕೊನೆಗೆ ಪದಗಳನ್ನೇ ಕಳಚಿಹಾಕುವಲ್ಲಿಗೆ ತಲುಪಿತು. ‘ಇಗ್ಲೂ’ ಬಂದ ವರ್ಷವೇ ಹೊರಬಂದ ‘ಒನ್’ ಎಂಬ ಧ್ವನಿಮುದ್ರಿಕೆಯಲ್ಲಿ ಅವರ ಕಂಠದ ಹೊರತು ಬೇರೆ ವಾದ್ಯವಿಲ್ಲ. ಯಾವ ಭಾಷೆಗೂ ಸೇರದ ತುಂಡು ಅಕ್ಷರಗಳು, ಗಂಟಲಿನಲ್ಲಿಯೇ ಸಿಕ್ಕಿ ನಿಂತ ವ್ಯಂಜನಗಳು, ಉಸಿರನ್ನು ಒಳಗೆಳೆದುಕೊಳ್ಳುವಾಗ ಹೊರಡುವ ಸಣ್ಣ ಕೀರಲು ದನಿ ಇವೆಲ್ಲ ಸೇರಿ, ಹಾಳಾದ ಟೇಪನ್ನು ಹಿಂದುಮುಂದಾಗಿ ಓಡಿಸಿದ ಭ್ರಮೆಯನ್ನು ಹುಟ್ಟಿಸುತ್ತವೆ. ಯಂತ್ರದ ಕೈವಾಡ ಇದ್ದೇ ಇರಬೇಕೆಂದು ಮೊದಲ ಸಲ ಕೇಳಿದವರಿಗೆ ಅನುಮಾನ ಬರುವುದು ಸಹಜ, ಆದರೆ ಅದೆಲ್ಲ ನಾಲಗೆ, ತುಟಿ, ಗಂಟಲುಗಳ ಸಾಧನೆ.

ಇಸುಂಗ್‌ಸೆಟ್ ಹುಟ್ಟಿದ್ದು 1964ರಲ್ಲಿ, ಓಸ್ಲೋ ಮತ್ತು ಬರ್ಗನ್ ನಡುವಿನ ರೈಲುಮಾರ್ಗದ ಮೇಲಿರುವ ಯೈಲೊ ಎಂಬ ಬೆಟ್ಟದೂರಿನಲ್ಲಿ. ಬರ್ಚ್ ಮರದ ತುಂಡು, ಕಲ್ಲಿನ ಹಲಗೆ, ಕುರಿಯ ಕೊರಳ ಗಂಟೆ ಇಂಥವನ್ನೆಲ್ಲ ತಾಳವಾದ್ಯಗಳಾಗಿ ಬಳಸುತ್ತಿದ್ದ ಅವರು, ಕಳೆದ ಶತಮಾನ ಮುಗಿಯುವ ಹೊತ್ತಿಗೆ ಮಂಜುಗಡ್ಡೆಗೆ ಕೈಹಾಕಿದರು. ನಮ್ಮ ಮೋರ್ಚಿಂಗಿನ ಹತ್ತಿರದ ನೆಂಟನಾದ ನಾರ್ವೆಯ ಬಾಯಿವೀಣೆಯನ್ನೂ ಅವರು ನುಡಿಸುತ್ತಾರೆ ಎಂಬುದನ್ನು ಕಚೇರಿ ಕೇಳುವ ಅಭ್ಯಾಸವಿರುವ ಓದುಗರಿಗಾಗಿ ಹೇಳಿಬಿಡುತ್ತೇನೆ. 2006ರಲ್ಲಿಯೇ ಯೈಲೊದಲ್ಲಿ ಹಿಮಸಂಗೀತದ ಉತ್ಸವವೂ ಆರಂಭವಾಯಿತು. ಅದರ ದಿನಾಂಕವನ್ನು ಹುಣ್ಣಿಮೆ ನೋಡಿ ಗೊತ್ತುಮಾಡುತ್ತಿದ್ದರು ಎಂಬ ಸಂಗತಿ ಪಂಚಾಂಗ ತಿರುವಿಹಾಕುವ ನಮಗೆ ವಿಚಿತ್ರವೆನಿಸಲಾರದು.

ಎಲ್ಲ ಮಂಜುಗಡ್ಡೆಯೂ ಒಂದೇ ಬಗೆಯಲ್ಲಿ ನುಡಿಯುವುದಿಲ್ಲ. ಒಳಗೆ ಗಾಳಿಗುಳ್ಳೆಯೂ ಬಿರುಕೂ ಇದ್ದರೆ ಕಂಪನ ಅಲ್ಲಲ್ಲಿಯೇ ಚದುರಿ ಸತ್ತುಹೋಗಿ ಬರಿಯ ಟಪ್ ಎಂಬ ಸದ್ದು ಉಳಿಯುತ್ತದೆ. ಕೆರೆಯ ಮೇಲೆ ನಿಧಾನವಾಗಿ ಹೆಪ್ಪುಗಟ್ಟಿದ, ಗಾಜಿನಂತೆ ತಿಳಿಯಾದ ಗಡ್ಡೆ ಮಾತ್ರ ಗುಂಯ್‌ಗುಡುತ್ತದೆ. ಅಂಥ ಗಡ್ಡೆಯಿಂದ ಪಟ್ಟಿಗಳನ್ನು ಕೊಯ್ದು ಸಾಲಾಗಿ ಜೋಡಿಸಿದರೆ ಕೋಲಿನಿಂದ ಬಡಿದು ನುಡಿಸುವ ವಾದ್ಯವಾಗುತ್ತದೆ, ಕೊರೆದು ಟೊಳ್ಳು ಮಾಡಿದರೆ ಕಹಳೆಯಾಗುತ್ತದೆ, ತಂತಿ ಬಿಗಿದರೆ ಹಾರ್ಪ್ ಆಗುತ್ತದೆ. ಪಟ್ಟಿಯ ಉದ್ದ ಹೆಚ್ಚುಕಡಿಮೆ ಹಾಗೆಯೇ ಉಳಿದು ದಪ್ಪ ಮಾತ್ರ ಕರಗಿದರೆ ಸ್ವರ ಇಳಿಯುತ್ತದೆ. ಕಹಳೆಯಲ್ಲಿಯಂತೂ ನುಡಿಸುವವರ ಬಿಸಿಯುಸಿರೇ ವಾದ್ಯವನ್ನು ಒಳಗಿನಿಂದ ತಿನ್ನುತ್ತ, ಊದುವ ಬಾಯಿಯ ಅಂಚನ್ನು ಸವೆಸುತ್ತ ಹೋಗುತ್ತದೆ. ಹೀಗಾಗಿ ಶ್ರುತಿ ಮಾಡಿಟ್ಟುಕೊಂಡು ನೆಮ್ಮದಿಯಿಂದ ಕುಳಿತುಕೊಳ್ಳುವ ಅವಕಾಶ ಈ ಸಂಗೀತಗಾರರಿಗಿಲ್ಲ. ಬಿಸಿಲುಕಾಲದಲ್ಲಿ ಫ್ಯಾನಿನ ಕೆಳಗೆ ಕುಳಿತು ಇದನ್ನು ಕೇಳುವುದರಲ್ಲಿ ಒಂದು ಅಸಂಗತತೆ ಇದೆ ಎಂಬುದನ್ನು ನಾನೂ ಬಲ್ಲೆ.

ಗಟ್ಟಿಯಾದ ಷಡ್ಜವನ್ನು ಹಿಡಿದು ರಾಗ ಬೆಳೆಸುವ ಗಾಯಕಿಯನ್ನು ಇಂಥ ವಾದ್ಯದ ಪಕ್ಕದಲ್ಲಿ ನಿಲ್ಲಿಸಿದರೆ ಎರಡರಲ್ಲಿ ಒಂದು ಅಪಸ್ವರವಾಗಿ ಕೇಳುತ್ತದೆ. ಎಂಡ್ರೆಸೆನ್ ಅವರ ಕಂಠಕ್ಕೆ ಆ ತೊಡಕಿಲ್ಲ, ಏಕೆಂದರೆ ಸ್ವರವನ್ನು ಹಿಡಿದಿಡುವ ಹಂಬಲವನ್ನು ಅವರು ಆ ಹೊತ್ತಿಗಾಗಲೇ ಬಿಟ್ಟುಕೊಟ್ಟಿದ್ದರು. ಗಡ್ಡೆಯ ಮೇಲೆ ಕೋಲು ಬಿದ್ದಾಗ ಹೊರಡುವ ಒಣ ಪೆಟ್ಟಿಗೆ ಅವರ ಗಂಟಲಿನ ‘ಕ್’ ಸಮನಾಗಿ ನಿಲ್ಲುತ್ತದೆ. ಕಹಳೆಯ ನಡುಗುವ ದನಿಗೆ ಅವರ ಒಡೆದ ಸ್ವರ ಜೊತೆಯಾಗುತ್ತದೆ. ಅರ್ಥವಿಲ್ಲದ ಅಕ್ಷರಗಳೆಂದ ಕೂಡಲೇ ನಮಗೆ ತಾಳದ ಸೊಲ್ಲುಗಳನ್ನು ಬಾಯಲ್ಲಿಯೇ ನುಡಿಯುವ ಕೊನ್ನಕ್ಕೋಲು ನೆನಪಾಗುವುದು ಸಹಜವಾದರೂ ಅಲ್ಲಿ ‘ತಕಿಟ’ಕ್ಕೂ ‘ತಕಧಿಮಿ’ಗೂ ತಾಳದಲ್ಲಿ ನಿಗದಿತ ಜಾಗವಿರುತ್ತದೆ, ಮುಕ್ತಾಯ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದು ಕೂರಬೇಕಾಗುತ್ತದೆ. ಇಲ್ಲಿ ಕಾಯುವುದಕ್ಕೆ ಸಮವೇ ಇಲ್ಲದಿರುವುದರಿಂದ ಮುಂದಿನ ಅಕ್ಷರ ಯಾವಾಗ ಬೀಳುತ್ತದೆಂಬ ನಿರೀಕ್ಷೆಯೇ ಕೇಳುಗರ ಕೆಲಸವಾಗುತ್ತದೆ, ಮತ್ತು ಆ ಕೆಲಸ ದಣಿಸುತ್ತದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ನನ್ನ ತಕರಾರೂ ಇದೆ. ಹಿಮವಾದ್ಯಗಳ ದನಿ ಸಣ್ಣದಾದ್ದರಿಂದ ಅದನ್ನು ಮೈಕಿನ ಮೂಲಕ ಹಿಗ್ಗಿಸಲೇಬೇಕು. ಹಾಗೆ ಹಿಗ್ಗಿಸಿದಾಗ ಬರುವ ಗುಂಯ್‌ಗಾರ ಎಷ್ಟು ಹಿತವಾಗಿರುತ್ತದೆಂದರೆ, ಮುಂದೆ ಏನೂ ನಡೆಯದಿದ್ದರೂ ಏನೋ ಗಂಭೀರವಾದದ್ದು ನಡೆಯುತ್ತಿದೆಯೆಂದು ಅನ್ನಿಸಿಬಿಡುತ್ತದೆ. ಉತ್ಸವದ ಚಿತ್ರಗಳಲ್ಲಿ ಕಾಣುವ ನೀಲಿ ಬೆಳಕು ಈ ಭ್ರಮೆಗೆ ಇನ್ನಷ್ಟು ನೀರೆರೆಯುತ್ತದೆ. ಇಸುಂಗ್‌ಸೆಟ್ ಮುಂದೆ ಲೆನಾ ನೀಮಾರ್ಕ್ ಮೊದಲಾದ ಗಾಯಕಿಯರೊಡನೆಯೂ ಹಿಮಸಂಗೀತವನ್ನು ಮಾಡಿದ್ದಾರೆ. ಇಂಪಾದ ಕಂಠ ಸೇರಿದಾಗ ಗಡ್ಡೆ ಹಿಂದೆ ಸರಿದು ಶ್ರುತಿಪೆಟ್ಟಿಗೆಯಂತೆ ಆಧಾರ ಕೊಡುತ್ತ ಉಳಿಯುತ್ತದೆ. ಅದು ಹೆಚ್ಚು ಜನರಿಗೆ ಹಿಡಿಸಬಹುದು, ನನಗೆ ಮಾತ್ರ ಎಂಡ್ರೆಸೆನ್ ಅವರ ಒರಟುತನವೇ ಮೇಲೆನಿಸುತ್ತದೆ. ಅವರು ಮುಂದೆ ಸ್ಟಿಯಾನ್ ವೆಸ್ಟರ್‌ಹುಸ್ ಅವರ ಅಬ್ಬರದ ವಿದ್ಯುತ್ ಗಿಟಾರಿನ ಎದುರು ನಿಂತಾಗಲೂ ಈ ಕಂಠ ಬಗ್ಗಲಿಲ್ಲ. ಹೊಸದಾಗಿ ಕೇಳಹೊರಟವರು ‘ಒನ್’ನಿಂದ ತೊಡಗಿ, ಆ ಕಂಠ ಕಿವಿಗೆ ಒಗ್ಗಿದ ಮೇಲೆ ‘ಇಗ್ಲೂ’ವಿಗೆ ಬಂದರೆ, ಗಡ್ಡೆಯ ಬೆರಗಿನಲ್ಲಿ ಗಾಯಕಿಯನ್ನು ಮರೆಯುವ ಅಪಾಯ ಕಡಿಮೆ.